3.4 ಲಕ್ಷ ಫೈಲ್, 2 ಟಿಬಿ ಡಿಸ್ಕ್, ಅರ್ಧ ಹೆಸರು ಕನ್ನಡದಲ್ಲಿ: ಯಾವ ಸಾಫ್ಟ್‌ವೇರ್, ಯಾವ ಕ್ರಮದಲ್ಲಿ?

ಗಿರಿನಗರ_ಜಿ

ಎಲ್ಲರಿಗೂ ನಮಸ್ಕಾರ. ಎರಡು ಹಳೇ ಲ್ಯಾಪ್‌ಟಾಪ್ (ಒಂದು ಮ್ಯಾಕ್), ಮೂರು ಫೋನ್, ಒಂದಷ್ಟು ಪೆನ್‌ಡ್ರೈವ್, ಎಲ್ಲದರ ಸರಕೂ 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಬಂದು ಬಿದ್ದಿದೆ. ಒಟ್ಟು 1.3 ಟಿಬಿ, 3.4 ಲಕ್ಷ ಫೈಲ್. ಫೋಟೊ, ವಿಡಿಯೊ, ಮನೆ ಕಾಗದಪತ್ರದ ಸ್ಕ್ಯಾನ್, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ದಾಖಲೆ. ಅರ್ಧದಷ್ಟು ಹೆಸರು ಕನ್ನಡದಲ್ಲಿವೆ. ಈಗಿರುವುದು ವಿಂಡೋಸ್ 11, 16 ಜಿಬಿ ರ‍್ಯಾಮ್. ಡಿಸ್ಕ್ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ). ಕ್ಲೌಡ್ ಬೇಡ, ಎಲ್ಲ ಮನೆಯಲ್ಲೇ ಇರಬೇಕು. ಒಂದು ಸಾಫ್ಟ್‌ವೇರ್ ಹಾಕಿ ಒಂದು ಬಟನ್ ಒತ್ತಿದರೆ ಆಗುತ್ತಾ? ಆಗದಿದ್ದರೆ ಯಾವುದು ಮೊದಲು, ಯಾವುದು ಆಮೇಲೆ?

ಟರ್ಮಿನಲ್_ತಿಂಡಿ

ಒಂದೇ ಬಟನ್‌ನವು ಇವೆ ಸರ್. ಒತ್ತಬೇಡಿ. ಎಕ್ಸ್‌ಟೆನ್ಶನ್ ನೋಡಿ ಫೋಟೊ ಒಂದು ಕಡೆ, ಪಿಡಿಎಫ್ ಒಂದು ಕಡೆ ಎತ್ತಿ ಹಾಕುವ ಸಾಫ್ಟ್‌ವೇರ್‌ಗಳು ಫೋಲ್ಡರ್ ಹೆಸರಿನಲ್ಲಿದ್ದ ಮಾಹಿತಿಯನ್ನೇ ಕಳೆದುಬಿಡುತ್ತವೆ. ‘ಅಜ್ಜಿ ಆಪರೇಷನ್ 2016’ ಫೋಲ್ಡರ್‌ನಲ್ಲಿದ್ದ ‘ಸ್ಕ್ಯಾನ್0003’ ಅಲ್ಲಿಂದ ಹೊರಗೆ ಬಂತೋ, ಅದು ಯಾವುದರ ಸ್ಕ್ಯಾನ್ ಅಂತ ಬ್ರಹ್ಮನಿಗೂ ಗೊತ್ತಾಗಲ್ಲ.

ಕ್ರಮ ಹೀಗಿರಲಿ: ಮೊದಲು ಪೂರ್ತಿ ನಕಲು, ಆಮೇಲೆ ಎಣಿಕೆ, ಆಮೇಲೆ ಡೂಪ್ಲಿಕೇಟ್, ಆಮೇಲೆ ಹೆಸರು, ಕಟ್ಟಕಡೆಗೆ ಜಾಗ ಬದಲಾವಣೆ. ಸಾಫ್ಟ್‌ವೇರ್ ಯಾವುದು ಅನ್ನೋದಕ್ಕಿಂತ ಈ ಕ್ರಮ ಮುಖ್ಯ.

ನಕಲಿಗೆ ಇನ್ನೊಂದು ಡಿಸ್ಕ್ ಬೇಕೇ ಬೇಕು. ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಬಿಡಬೇಡಿ, ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಬಳಸಿ. ಆಯ್ಕೆಗಳು: /ಇ (ಖಾಲಿ ಫೋಲ್ಡರ್ ಸಮೇತ ಎಲ್ಲ ಒಳ ಫೋಲ್ಡರ್), /ಕಾಪಿ:ಡಿಎಟಿ (ಫೈಲ್‌ನ ಡೇಟಾ, ಗುಣ, ದಿನಾಂಕ), /ಡಿಕಾಪಿ:ಡಿಎಟಿ (ಫೋಲ್ಡರ್‌ಗಳ ಹಳೇ ದಿನಾಂಕ ಉಳಿಯಲು), /ಆರ್:1 (ಮರುಪ್ರಯತ್ನ ಒಂದೇ ಸಲ), /ಡಬ್ಲ್ಯು:2 (ನಡುವೆ 2 ಸೆಕೆಂಡ್ ಕಾಯಲು), ಜೊತೆಗೆ /ಲಾಗ್. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡ್ಕೊಳ್ಳಿ. /ಆರ್ ಮತ್ತು /ಡಬ್ಲ್ಯು ಮರೆಯಬೇಡಿ. ನೀವು ಏನೂ ಹೇಳದಿದ್ದರೆ ಓದಲಾಗದ ಒಂದೊಂದು ಫೈಲನ್ನೂ ರೋಬೋಕಾಪಿ 10 ಲಕ್ಷ ಸಲ, ಪ್ರತಿ ಸಲ 30 ಸೆಕೆಂಡ್ ಕಾದು ಪ್ರಯತ್ನಿಸುತ್ತೆ. ಕೆಟ್ಟ ಸೆಕ್ಟರ್ ಒಂದಿದ್ದರೆ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ.

ಎಡವುವ ಜಾಗ ಇನ್ನೆರಡಿವೆ. ಡ್ರೈವ್‌ನ ಬುಡದಿಂದಲೇ (ಇ: ಬ್ಯಾಕ್‌ಸ್ಲ್ಯಾಶ್) ಇನ್ನೊಂದು ಫೋಲ್ಡರ್‌ಗೆ ನಕಲು ಮಾಡಿದರೆ ಆ ಫೋಲ್ಡರ್‌ಗೂ ‘ಹಿಡನ್, ಸಿಸ್ಟಂ’ ಗುಣ ಅಂಟಿಕೊಂಡು ಎಕ್ಸ್‌ಪ್ಲೋರರ್‌ನಲ್ಲಿ ಕಾಣೋದೇ ಇಲ್ಲ. ನಕಲು ಆಗಿಲ್ಲ ಅಂತ ಗಾಬರಿಯಾಗಬೇಡಿ, /ಎ-:ಎಸ್‌ಎಚ್ ಸೇರಿಸಿದರೆ ಸರಿಹೋಗುತ್ತೆ. ಎರಡನೆಯದು /ಎಂಐಆರ್. ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲಿ ಅಳಿಸಿಹಾಕುವುದೇ ಅದರ ಕೆಲಸ. ಮೂಲ, ಗುರಿ ಅದಲುಬದಲಾದರೆ ಒಂದೇ ಏಟಿಗೆ ಎಲ್ಲ ಹೋಯ್ತು. ಮೊದಲು /ಎಲ್ ಹಾಕಿ ಓಡಿಸಿ, ಏನು ಮಾಡ್ತೀನಿ ಅಂತ ಪಟ್ಟಿ ಮಾತ್ರ ಕೊಡುತ್ತೆ.

ಎಸ್‌ಪಿರೋಡ್_ಸುತ್ತಾಟ

ಹೊಸ ಡಿಸ್ಕ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೇ ತಗೊಳ್ಳಿ, ಆನ್‌ಲೈನ್‌ನಲ್ಲೇ ತಗೊಳ್ಳಿ, ಡೇಟಾ ಹಾಕೋಕೆ ಮುಂಚೆ ಎಚ್2ಟೆಸ್ಟ್‌ಡಬ್ಲ್ಯು ಓಡಿಸಿ. ಪೂರ್ತಿ ಜಾಗ ತುಂಬುವಷ್ಟು ಬರೆದು, ವಾಪಸ್ ಓದಿ ತಾಳೆ ನೋಡುತ್ತೆ. ಲಿನಕ್ಸ್, ಮ್ಯಾಕ್‌ನಲ್ಲಿ ಎಫ್3. ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್‌ಗಳಲ್ಲಿ 32 ಜಿಬಿ ಚಿಪ್ ಹಾಕಿ 512 ಅಂತ ತೋರಿಸುವ ನಕಲಿಗಳು ಇರ್ತವೆ. ಅವು 32 ದಾಟಿದ ಮೇಲೆ ಹಳೆಯದರ ಮೇಲೇ ಬರೀತಾ ಹೋಗ್ತವೆ, ಹೆಸರು ಕಾಣುತ್ತೆ, ಒಳಗೆ ಕಸ. 2 ಟಿಬಿ ಡಿಸ್ಕ್‌ಗೆ ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಬರೆಯೋಕೆ ಐದೂವರೆ ಗಂಟೆ, ಓದೋಕೆ ಐದೂವರೆ ಗಂಟೆ. ರಾತ್ರಿ ಬಿಟ್ಟು ಮಲಗಿ.

1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ತೋರಿಸೋದು ಮಾತ್ರ ಮೋಸ ಅಲ್ಲ. ಡಬ್ಬಿ ಮೇಲೆ ಸಾವಿರದ ಲೆಕ್ಕ, ವಿಂಡೋಸ್‌ನಲ್ಲಿ 1024ರ ಲೆಕ್ಕ.

ಇನ್ನೊಂದು: ಜೇಬಿನಲ್ಲಿ ಹಿಡಿಯೋ ಎರಡೂವರೆ ಇಂಚಿನ ಎಕ್ಸ್‌ಟರ್ನಲ್‌ಗಳಲ್ಲಿ ಹೆಚ್ಚಿನವು ಎಸ್‌ಎಂಆರ್. ಟ್ರ್ಯಾಕ್‌ಗಳು ಹೆಂಚಿನ ಥರ ಒಂದರ ಮೇಲೊಂದು ಚಾಚಿಕೊಂಡಿರ್ತವೆ, ಒಂದನ್ನು ತಿದ್ದಬೇಕಾದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು. ಮೊದಲ ಒಂದಷ್ಟು ಜಿಬಿ ಜೋರಾಗಿ ಹೋಗಿ ಆಮೇಲೆ ವೇಗ ಸೆಕೆಂಡಿಗೆ 20–30 ಎಂಬಿಗೆ ಇಳಿದರೆ ಡಿಸ್ಕ್ ಕೆಟ್ಟಿದೆ ಅಂತ ಕೇಬಲ್ ಕಿತ್ತುಬಿಡಬೇಡಿ. ಇದಕ್ಕೇ ಲಕ್ಷಾಂತರ ಸಣ್ಣ ಫೈಲ್‌ಗಳನ್ನು ಅದೇ ಡಿಸ್ಕ್ ಒಳಗೆ ಅತ್ತಿಂದಿತ್ತ ನಕಲು ಮಾಡೋದಕ್ಕಿಂತ ಸರಿಸೋದು ಮೇಲು. ಒಂದೇ ಡ್ರೈವ್ ಒಳಗೆ ಸರಿಸಿದರೆ ಡೇಟಾ ಕದಲೋದೇ ಇಲ್ಲ, ಯಾದಿಯಲ್ಲಿ ವಿಳಾಸ ಮಾತ್ರ ಬದಲು.

ಕಡತಕೋಣ

ಎಣಿಕೆಗೆ ಎರಡು ಸಾಕು. ಜಾಗ ಯಾರು ತಿಂದಿದ್ದಾರೆ ಅಂತ ನೋಡಲು ವಿಜ್‌ಟ್ರೀ, ಹೆಸರಿನಿಂದ ಹುಡುಕಲು ಎವೆರಿಥಿಂಗ್. ಎರಡೂ ಎನ್‌ಟಿಎಫ್‌ಎಸ್‌ನ ಮಾಸ್ಟರ್ ಫೈಲ್ ಟೇಬಲ್ಲನ್ನೇ (ಎಲ್ಲ ಫೈಲ್‌ಗಳ ಯಾದಿ) ನೇರ ಓದುವುದರಿಂದ 3.4 ಲಕ್ಷ ಫೈಲ್ ಅಂದರೆ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತೆ. ಡಿಸ್ಕ್ ಎಕ್ಸ್‌ಫ್ಯಾಟ್ ಅನ್ನೋ ಬೇರೆ ಫೈಲ್ ವ್ಯವಸ್ಥೆಯದಾಗಿದ್ದರೆ ಈ ಅನುಕೂಲ ಇಲ್ಲ, ಫೋಲ್ಡರ್ ಫೋಲ್ಡರ್ ಸುತ್ತಬೇಕು.

ಎವೆರಿಥಿಂಗ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದರ ಸೂಚಿಯಲ್ಲಿ ಸಾಮಾನ್ಯವಾಗಿ ಹೆಸರು, ಗಾತ್ರ, ದಿನಾಂಕ ಇರ್ತವೆಯೇ ಹೊರತು ಫೈಲ್ ಒಳಗಿನ ಮಾತು ಇರಲ್ಲ. ‘ಕಂಟೆಂಟ್:’ ಅಂತ ಹುಡುಕಿದರೆ ಒಂದೊಂದನ್ನೂ ತೆರೆದು ಓದುತ್ತಾ ಕೂರುತ್ತೆ. ಮೊದಲು ಫೋಲ್ಡರ್, ಎಕ್ಸ್‌ಟೆನ್ಶನ್‌ನಿಂದ ಜರಡಿ ಹಿಡಿದು ಆಮೇಲೆ ಅದನ್ನು ಬಳಸಿ. ಹುಡುಕಿದ ಫಲಿತಾಂಶವನ್ನು ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಪಟ್ಟಿ) ಆಗಿ ಉಳಿಸಬಹುದು. ಕೆಲಸ ಶುರು ಮಾಡುವ ಮುಂಚೆ ಇಡೀ ಡಿಸ್ಕ್‌ನ ಪಟ್ಟಿ ಒಂದು ಹಾಗೆ ಉಳಿಸಿಟ್ಟುಕೊಳ್ಳಿ. ಯಾವ ಫೈಲ್ ಎಲ್ಲಿತ್ತು ಅನ್ನೋ ಪ್ರಶ್ನೆಗೆ ಆರು ತಿಂಗಳ ನಂತರ ಉತ್ತರ ಕೊಡೋದು ಅದೊಂದೇ.

ರಾಜಾಜಿನಗರ_ರೈಟ್‌ಕ್ಲಿಕ್

ಡೂಪ್ಲಿಕೇಟ್‌ಗೆ ಚ್ಕಾವ್ಕಾ. ಉಚಿತ, ಓಪನ್ ಸೋರ್ಸ್, ಡ್ಯೂಪ್‌ಗುರುಗಿಂತ ತುಂಬಾ ಜೋರು. ಅದು ಮೊದಲು ಗಾತ್ರ ಒಂದೇ ಇರುವ ಫೈಲ್‌ಗಳನ್ನು ಗುಂಪು ಮಾಡಿ, ಆಮೇಲೆ ಮೊದಲ ತುಣುಕಿನ ಹ್ಯಾಶ್ (ಒಳಗಿನ ಬೈಟ್‌ಗಳಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ), ಅದೂ ಒಂದೇ ಆದರೆ ಮಾತ್ರ ಪೂರ್ತಿ ಹ್ಯಾಶ್ ನೋಡುತ್ತೆ. ಹಾಗಾಗಿ 1.3 ಟಿಬಿ ಪೂರ್ತಿ ಓದುವ ಪ್ರಮೇಯ ಬರಲ್ಲ. ಹೆಸರು ನೋಡಿ ಡೂಪ್ಲಿಕೇಟ್ ಅನ್ನುವ ಆಯ್ಕೆಯನ್ನು ಮುಟ್ಟಲೇಬೇಡಿ.

ಯಾಕೆ ಅಂದರೆ ವಾಟ್ಸಾಪ್. ಅದು ಫೋಟೊಗೆ ‘ಐಎಂಜಿ-20231024-ಡಬ್ಲ್ಯುಎ0012’ ಅಂತ ಹೆಸರಿಡುತ್ತೆ: ತಾರೀಖು, ಆಮೇಲೆ ಆ ದಿನದ ಕ್ರಮಸಂಖ್ಯೆ. ಮನೆಯ ಮೂರೂ ಫೋನ್‌ನಲ್ಲಿ ಅದೇ ದಿನ ಅದೇ ಹೆಸರಿನ ಬೇರೆ ಬೇರೆ ಫೋಟೊ ಇರ್ತವೆ. ಮೂರನ್ನೂ ಒಂದೇ ಫೋಲ್ಡರ್‌ಗೆ ಸುರಿದು ‘ರೀಪ್ಲೇಸ್’ ಕೊಟ್ಟರೆ ಎರಡು ಫೋನ್‌ನ ಫೋಟೊ ಗೋವಿಂದ. ಕ್ಯಾಮೆರಾ ಫೈಲ್‌ಗಳದೂ ಇದೇ ಕಥೆ, 9999 ಆದ ಮೇಲೆ ಮತ್ತೆ 0001.

ಚ್ಕಾವ್ಕಾದಲ್ಲಿ ‘ರೆಫರೆನ್ಸ್ ಫೋಲ್ಡರ್’ ಅಂತ ಗುರುತು ಹಾಕುವ ಜಾಗ ಇದೆ. ನಿಮಗೆ ಚೆನ್ನಾಗಿ ಜೋಡಿಸಿದೆ ಅನ್ನಿಸುವ ಫೋಲ್ಡರನ್ನು ಹಾಗೆ ಗುರುತಿಸಿ. ಅದರೊಳಗಿನದು ಯಾವುದೂ ಅಳಿಸುವ ಪಟ್ಟಿಗೆ ಬರಲ್ಲ. ಕನಿಷ್ಠ ಗಾತ್ರ 1 ಎಂಬಿ ಇಟ್ಟು ಮೊದಲ ಸುತ್ತು ಮುಗಿಸಿ, ಜಾಗದ ಬಹುಪಾಲು ಅಲ್ಲೇ ವಾಪಸ್ ಬರುತ್ತೆ. ಅಳಿಸೋ ಬದಲು ‘ಮೂವ್’ ಕೊಟ್ಟು ‘_ಅನುಮಾನ’ ಅನ್ನೋ ಫೋಲ್ಡರ್‌ಗೆ ಕಳಿಸಿ, ಒಂದು ತಿಂಗಳು ಇಟ್ಟುಕೊಳ್ಳಿ.

‘ಸಿಮಿಲರ್ ಇಮೇಜಸ್’ ಬೇರೆ ವಿಚಾರ. ಅಲ್ಲಿ ಮೂಲ ಫೋಟೊ ಮತ್ತು ವಾಟ್ಸಾಪ್‌ನಲ್ಲಿ ಕುಗ್ಗಿ ಬಂದ ಫೋಟೊ ಜೋಡಿಯಾಗಿ ಕಾಣ್ತವೆ. ಕಣ್ಣಲ್ಲಿ ನೋಡಿ ಆರಿಸಬೇಕು, ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಅನ್ನೋ ಕೆಲಸ ಅಲ್ಲಿ ಕೂಡದು.

ಕಡತಕೋಣ

ಮೇಲಿನದಕ್ಕೆ ಒಂದು ಎಚ್ಚರಿಕೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಫೋಲ್ಡರ್‌ಗಳನ್ನು ವಿಂಡೋಸ್ ಕೇಳಿಯೋ ಕೇಳದೆಯೋ ಒನ್‌ಡ್ರೈವ್‌ಗೆ ಸೇರಿಸಿರುತ್ತೆ. ಮೋಡದ ಚಿಹ್ನೆ ಇರುವ ಫೈಲ್ ನಿಮ್ಮ ಡಿಸ್ಕ್‌ನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಅದರ ಹ್ಯಾಶ್ ತೆಗೆಯಲು ಹೋದರೆ ಪ್ರತಿಯೊಂದೂ ಡೌನ್‌ಲೋಡ್ ಆಗುತ್ತೆ. ಸಿ ಡ್ರೈವ್ ತುಂಬಿ ನಿಂತಾಗ ಚ್ಕಾವ್ಕಾವನ್ನು ಬಯ್ಯಬೇಡಿ.

ವಿಜಯನಗರ_ಕ್ಲಬ್‌ರೋಡ್

ಎಲ್ಲ ಡೂಪ್ಲಿಕೇಟೂ ಕಸವಲ್ಲ ಅನ್ನುವುದನ್ನೂ ಸೇರಿಸುತ್ತೇನೆ. ಸಾಲದ ಅರ್ಜಿಯ ಫೋಲ್ಡರ್‌ನಲ್ಲಿ ಇಟ್ಟ ಆಧಾರ್ ಪ್ರತಿ, ಮಗುವಿನ ಶಾಲೆ ಸೇರ್ಪಡೆಯ ಫೋಲ್ಡರ್‌ನಲ್ಲಿ ಇಟ್ಟ ಅದೇ ಪ್ರತಿ ಎರಡೂ ಬೇಕು. ಆಗ ಏನನ್ನು ಕೊಟ್ಟಿದ್ದೆವು ಎಂಬುದಕ್ಕೆ ಅದೇ ದಾಖಲೆ. 200 ಕೆಬಿ ಉಳಿಸಲು ಹೋಗಿ ಆ ಕಟ್ಟನ್ನು ಹರಿಯಬೇಡಿ. ಇನ್ಸ್ಟಾಲ್ ಆದ ಸಾಫ್ಟ್‌ವೇರ್‌ಗಳ ಫೋಲ್ಡರ್‌ಗಳನ್ನಂತೂ ಹುಡುಕಾಟದಿಂದಲೇ ಹೊರಗಿಡಿ.

ಗಿರಿನಗರ_ಜಿ

ತುಂಬಾ ಉಪಯೋಗ ಆಯ್ತು. ಹೆಸರಿನ ವಿಚಾರಕ್ಕೆ ಬಂದರೆ ಕನ್ನಡದಲ್ಲೇ ಇಟ್ಟುಕೊಳ್ಳಬಹುದಾ, ಇಂಗ್ಲಿಷ್‌ಗೆ ಬದಲಾಯಿಸೋದು ಒಳ್ಳೇದಾ? ‘ಕೋಲಾರ’ ಅಂತ ಹುಡುಕಿದರೆ ಕಣ್ಣೆದುರಿಗೇ ಇರೋ ಎಷ್ಟೋ ಫೋಟೊ ಸಿಗ್ತಾ ಇಲ್ಲ. ಒಂದೇ ಫೋಲ್ಡರ್‌ನಲ್ಲಿ ‘ಕೋಲಾರ’ ಹೆಸರಿನ ಎರಡು ಒಳ ಫೋಲ್ಡರ್ ಬೇರೆ ಇವೆ. ವಿಂಡೋಸ್ ಇದಕ್ಕೆ ಹೇಗೆ ಒಪ್ಪಿತು?

ಒತ್ತಕ್ಷರ

ಕನ್ನಡದಲ್ಲೇ ಇಡಿ. ಆದರೆ ಆ ಎರಡು ‘ಕೋಲಾರ’ ಒಂದೇ ಅಲ್ಲ.

ಯೂನಿಕೋಡ್‌ನಲ್ಲಿ ‘ಕೋ’ ಬರೆಯಲು ಎರಡು ದಾರಿ ಇದೆ. ಒಂದರಲ್ಲಿ ಕ ಆದ ಮೇಲೆ ಓತ್ವದ ಒಂದೇ ಸಂಕೇತ. ಇನ್ನೊಂದರಲ್ಲಿ ಕ ಆದ ಮೇಲೆ ಎತ್ವ, ಊಕಾರದ ಕೊಂಬು, ದೀರ್ಘ, ಹೀಗೆ ಮೂರು ಬಿಡಿ ಸಂಕೇತ. ಪರದೆಯ ಮೇಲೆ ಎರಡೂ ತದ್ರೂಪು. ‘ಕೋಲಾರ’ ಮೊದಲ ರೀತಿಯಲ್ಲಿ 5 ಸಂಕೇತ, ಎರಡನೆಯ ರೀತಿಯಲ್ಲಿ 7. ಕೀ, ಕೇ, ಕೈ, ಕೊ, ಕೋ ಈ ಐದು ಗುಣಿತಗಳಲ್ಲಿ ಈ ಇಬ್ಬಗೆ ಇದೆ. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಎನ್ನುತ್ತಾರೆ.

ಬಿಡಿಸಿದ ರೂಪ ಎಲ್ಲಿಂದ ಬಂತು? ನಿಮ್ಮ ಹಳೇ ಮ್ಯಾಕ್‌ನಿಂದ. ಎಚ್‌ಎಫ್‌ಎಸ್ ಪ್ಲಸ್ ಎಂಬ ಅದರ ಹಳೇ ಫೈಲ್ ವ್ಯವಸ್ಥೆ ಹೆಸರುಗಳನ್ನೆಲ್ಲ ಬಿಡಿಸಿಯೇ ಉಳಿಸುತ್ತಿತ್ತು. ಆಮೇಲೆ ಬಂದ ಎಪಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ, ಹೋಲಿಸುವಾಗ ಮಾತ್ರ ಎರಡನ್ನೂ ಒಂದೇ ಎಂದು ಎಣಿಸುತ್ತದೆ. ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಎಕ್ಸ್‌ಟ್4 ಈ ಗೋಜಿಗೆ ಹೋಗುವುದೇ ಇಲ್ಲ. ಸಂಕೇತ ಬೇರೆ, ಆದ್ದರಿಂದ ಹೆಸರು ಬೇರೆ. ಹಾಗಾಗಿ ಒಂದೇ ಫೋಲ್ಡರ್‌ನಲ್ಲಿ ಇಬ್ಬರು ಕೋಲಾರದವರು.

ಪರಿಹಾರ ವಿಂಡೋಸ್‌ನ ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲೇ ಇದೆ. ಪ್ರತಿ ಹೆಸರಿಗೂ ಇಸ್‌ನಾರ್ಮಲೈಸ್ಡ್ ಎಂಬ ವಿಧಾನ ಕರೆಯಿರಿ, ಇಲ್ಲ ಎಂದು ಬಂದದ್ದಕ್ಕೆ ಮಾತ್ರ ನಾರ್ಮಲೈಸ್ ಕರೆದು ರೀನೇಮ್ ಮಾಡಿ. ಏನೂ ಹೇಳದಿದ್ದರೆ ಎರಡೂ ಎನ್‌ಎಫ್‌ಸಿಯನ್ನೇ ನೋಡುತ್ತವೆ. ‘ಹಳೇ ಹೆಸರು, ಹೊಸ ಹೆಸರು ಸಮವೇ’ ಎಂದು ಸಮಚಿಹ್ನೆಯ ಹೋಲಿಕೆ ಹಾಕಬೇಡಿ, ಅದು ಎರಡನ್ನೂ ಒಂದೇ ಎಂದುಬಿಡಬಹುದು. ಒಳಗಿನ ಫೈಲ್‌ಗಳಿಂದ ಶುರು ಮಾಡಿ ಹೊರಗಿನ ಫೋಲ್ಡರ್‌ಗೆ ಬನ್ನಿ. ಮೊದಲೇ ಫೋಲ್ಡರ್ ಹೆಸರು ಬದಲಾದರೆ ಒಳಗಿನ ಫೈಲ್‌ಗಳ ದಾರಿ ತಪ್ಪುತ್ತದೆ. ಲಿನಕ್ಸ್‌ನಲ್ಲಾದರೆ ಕಾನ್ವ್‌ಎಂವಿ, ಎನ್‌ಎಫ್‌ಸಿ ಆಯ್ಕೆಯೊಂದಿಗೆ. ಅದು ಮೊದಲು ಪ್ರಯೋಗ ಮಾತ್ರ ತೋರಿಸುತ್ತದೆ, ‘ನೋಟೆಸ್ಟ್’ ಕೊಟ್ಟ ಮೇಲೇ ನಿಜಕ್ಕೂ ಬದಲಾಯಿಸುವುದು. ಇಬ್ಬರು ಕೋಲಾರದವರು ಇರುವ ಜಾಗದಲ್ಲಿ ರೀನೇಮ್ ನಿಲ್ಲುತ್ತದೆ, ಅಲ್ಲಿ ಕೈಯಿಂದ ವಿಲೀನ ಮಾಡಿ.

ಎರಡನೇ ಕಾಟ ಕಣ್ಣಿಗೇ ಕಾಣದ್ದು. ‘ಆಧಾರ್’ ಎಂದು ಬರೆದಾಗ ಕೆಲವು ಕೀಲಿಮಣೆಗಳು ಕೊನೆಯ ಅರ್ಧಾಕ್ಷರದ ನಂತರ ಶೂನ್ಯ ಅಗಲದ ಒಂದು ಅಕ್ಷರ ಸೇರಿಸುತ್ತವೆ. ಅದರ ಸಂಖ್ಯೆ 200ಸಿ. ಕೆಲವು ಸೇರಿಸುವುದಿಲ್ಲ. ಅದು ‘ಪಾಸ್‌ಪೋರ್ಟ್’ ಪದದ ನಡುವೆ ಇದ್ದರೆ ಬೇಕು, ತೆಗೆದರೆ ‘ಪಾಸ್ಪೋರ್ಟ್’ ಎಂದು ಒತ್ತು ಬಂದುಬಿಡುತ್ತದೆ. ಪದದ ಕೊನೆಯಲ್ಲಿ ಇದ್ದರೆ ಯಾವ ಕೆಲಸಕ್ಕೂ ಇಲ್ಲ, ಹುಡುಕಾಟ ಕೆಡಿಸುವುದೊಂದೇ. ಮೈಕ್ರೋಸಾಫ್ಟ್‌ನ ಉಚಿತ ಪವರ್‌ಟಾಯ್ಸ್‌ನ ಪವರ್‌ರೀನೇಮ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ (ಮಾದರಿ ಕೊಟ್ಟು ಹುಡುಕುವ ಆಯ್ಕೆ) ಆನ್ ಮಾಡಿ, ಈ ಅಕ್ಷರದ ನಂತರವೇ ಖಾಲಿ ಜಾಗ, ಅಡಿಗೆರೆ ಅಥವಾ ಚುಕ್ಕಿ ಬಂದ ಕಡೆ ಮಾತ್ರ ತೆಗೆಯಿರಿ.

ಮೂರನೆಯದು ಉದ್ದ. ವಿಂಡೋಸ್‌ನಲ್ಲಿ ಒಂದು ಹೆಸರಿಗೆ 255 ಸಂಕೇತ ಸಿಗುತ್ತದೆ. ಲಿನಕ್ಸ್, ಆಂಡ್ರಾಯ್ಡ್, ಮನೆಯ ಎನ್‌ಎಎಸ್ (ನೆಟ್‌ವರ್ಕ್‌ಗೆ ಸೇರಿಸಿದ ಡಿಸ್ಕ್) ಪೆಟ್ಟಿಗೆಗಳಲ್ಲಿ 255 ಬೈಟ್. ಒಂದು ಕನ್ನಡ ಸಂಕೇತಕ್ಕೆ ಯುಟಿಎಫ್-8ರಲ್ಲಿ 3 ಬೈಟ್, ಹಾಗಾಗಿ ಸಿಗುವುದು 85. ‘ಶ್ರೀ’ ಕಣ್ಣಿಗೆ ಒಂದಕ್ಷರ, ಲೆಕ್ಕದಲ್ಲಿ 4 ಸಂಕೇತ, 12 ಬೈಟ್. ವಿಂಡೋಸ್‌ನಲ್ಲಿ ಚೆನ್ನಾಗಿದ್ದ ಲಗ್ನಪತ್ರಿಕೆಯಂಥ ಹೆಸರು ಎನ್‌ಎಎಸ್‌ಗೆ ಹೋಗುವಾಗ ‘ಹೆಸರು ತುಂಬಾ ಉದ್ದ’ ಎಂದು ನಿಲ್ಲುವುದು ಇದಕ್ಕೆ. ಕೆಲವು ಎನ್‌ಎಎಸ್‌ಗಳ ಹಳೇ ಬಗೆಯ ಎನ್‌ಕ್ರಿಪ್ಟೆಡ್ ಫೋಲ್ಡರ್‌ಗಳಲ್ಲಿ ಮಿತಿ 143 ಬೈಟ್, ಅಂದರೆ 47 ಸಂಕೇತ. 40ರೊಳಗೆ ಇಟ್ಟರೆ ಎಲ್ಲಿಯೂ ತೊಂದರೆಯಿಲ್ಲ.

ತಾರೀಖು ಮಾತ್ರ 0–9 ಅಂಕಿಗಳಲ್ಲಿ, ವರ್ಷ-ತಿಂಗಳು-ದಿನ ಕ್ರಮದಲ್ಲಿ, ಹೆಸರಿನ ಮೊದಲಿಗೇ ಬರಲಿ. ತಿಂಗಳ ಹೆಸರು ಬರೆದರೆ ಅಕಾರಾದಿಯಲ್ಲಿ ಅಕ್ಟೋಬರ್, ಆಗಸ್ಟ್, ಏಪ್ರಿಲ್ ಮೊದಲು ಬಂದು ಜನವರಿ ನಡುವೆಲ್ಲೋ ಸಿಕ್ಕಿಬೀಳುತ್ತದೆ.

ಟರ್ಮಿನಲ್_ತಿಂಡಿ

ಒತ್ತಕ್ಷರ ಅವರಿಗೆ ಒಂದು ಮಸಾಲೆ ದೋಸೆ ನನ್ನ ಲೆಕ್ಕದಲ್ಲಿ. ಹಾಗಾದರೆ ಹೆಸರು ಸರಿಮಾಡೋದು ಡೂಪ್ಲಿಕೇಟ್‌ಗಿಂತ ಮುಂಚೆ ಬರಬೇಕಾ? ನಾನು ಕೊಟ್ಟ ಕ್ರಮ ತಪ್ಪಾ?

ಒತ್ತಕ್ಷರ

ತಪ್ಪಲ್ಲ. ಒಳಗಿನ ಬೈಟ್ ನೋಡಿ ಡೂಪ್ಲಿಕೇಟ್ ಹುಡುಕುವಾಗ ಹೆಸರು ಲೆಕ್ಕಕ್ಕಿಲ್ಲ. ಮೊದಲು ಡೂಪ್ಲಿಕೇಟ್ ತೆಗೆದರೆ ಹೆಸರು ಬದಲಿಸಬೇಕಾದ ಫೈಲೂ ಕಡಿಮೆಯಾಗುತ್ತವೆ. ಆದರೆ ಎರಡು ಡಿಸ್ಕ್‌ಗಳನ್ನು ಸಮ ಮಾಡುವ ಫ್ರೀಫೈಲ್‌ಸಿಂಕ್, ಆರ್‌ಸಿಂಕ್ ಕೆಲಸ ಇದ್ದರೆ ಅದಕ್ಕೆ ಮುಂಚೆ ಹೆಸರು ಸರಿಯಾಗಲಿ.

ವಿಜಯನಗರ_ಕ್ಲಬ್‌ರೋಡ್

ಕಾಗದಪತ್ರಗಳ ಭಾಗ ನಾನು ಬರೆಯುತ್ತೇನೆ.

ಫೋಲ್ಡರ್ ಮೂರು ಹಂತಕ್ಕಿಂತ ಆಳ ಬೇಡ. ಪೂರ್ತಿ ದಾರಿ 260 ಸಂಕೇತ ದಾಟಿದರೆ ಎಕ್ಸ್‌ಪ್ಲೋರರ್ ತಕರಾರು ಮಾಡುತ್ತದೆ. ರಿಜಿಸ್ಟ್ರಿಯಲ್ಲಿ ಲಾಂಗ್‌ಪಾತ್ಸ್ ಆನ್ ಮಾಡಿದರೂ ಅದನ್ನು ಒಪ್ಪುವಂತೆ ಬರೆದ ಸಾಫ್ಟ್‌ವೇರ್‌ಗಳಿಗೆ ಮಾತ್ರ ಉಪಯೋಗ. ಮೇಲಿನ ಹಂತದಲ್ಲಿ ಆಸ್ತಿ, ತೆರಿಗೆ, ಆರೋಗ್ಯ, ಓದು, ಗುರುತುಪತ್ರ, ವಾಹನ. ಇಷ್ಟು ಸಾಕು. ‘ಇತರೆ’ ಎಂಬ ಫೋಲ್ಡರ್ ಮಾಡಬೇಡಿ, ಎಲ್ಲವೂ ಅಲ್ಲಿಗೇ ಹೋಗುತ್ತದೆ.

ಆಸ್ತಿ ತೆರಿಗೆ ರಸೀದಿಗೆ ಕಟ್ಟಿದ ದಿನಕ್ಕಿಂತ ಯಾವ ಸಾಲಿನದು ಎಂಬುದು ಮುಖ್ಯ: ‘2024-25_ಆಸ್ತಿತೆರಿಗೆ_ರಸೀದಿ’. ಋಣಭಾರ ಪ್ರಮಾಣಪತ್ರಕ್ಕೆ ಎರಡು ತಾರೀಖು ಬೇಕು, ಎಂದಿನಿಂದ ಎಂದಿನವರೆಗೆ ಎಂದು. ಪಡೆದ ದಿನ ಮಾತ್ರ ಬರೆದಿಟ್ಟರೆ ಬ್ಯಾಂಕಿನವರು ಕೇಳಿದ ಅವಧಿಯದು ಯಾವುದು ಎಂದು ಪ್ರತಿ ಪಿಡಿಎಫ್ ತೆರೆದು ನೋಡಬೇಕಾಗುತ್ತದೆ. ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆಗಳನ್ನು ಫೈಲ್ ಹೆಸರಿನಲ್ಲಿ ಹಾಕಬೇಡಿ. ಫೈಲಿಗೆ ಪಾಸ್‌ವರ್ಡ್ ಇದ್ದರೂ ಹೆಸರು ಎಲ್ಲರಿಗೂ ಕಾಣುತ್ತದೆ.

ಇ-ಖಾತಾ, ಆನ್‌ಲೈನ್‌ನಲ್ಲಿ ಬಂದ ಋಣಭಾರ ಪ್ರಮಾಣಪತ್ರದಂಥ ಡಿಜಿಟಲ್ ಸಹಿಯ ಪಿಡಿಎಫ್‌ಗಳ ವಿಷಯದಲ್ಲಿ ಹುಷಾರಾಗಿರಿ. ಹೆಸರು ಬದಲಿಸಬಹುದು, ಜಾಗ ಬದಲಿಸಬಹುದು, ಸಹಿಗೆ ಏನೂ ಆಗುವುದಿಲ್ಲ. ಆದರೆ ‘ಪ್ರಿಂಟ್ ಟು ಪಿಡಿಎಫ್’ ಮಾಡಿದರೆ, ಬೇರೆ ಪಿಡಿಎಫ್ ಜೊತೆ ಜೋಡಿಸಿದರೆ, ಗಾತ್ರ ಕುಗ್ಗಿಸಿದರೆ ಸಹಿ ಹೋಯಿತು. ನೋಡಲು ಹಾಗೇ ಇರುತ್ತದೆ, ಪರಿಶೀಲಿಸಿದಾಗ ಮಾತ್ರ ಗೊತ್ತಾಗುವುದು. ಮೂಲಕ್ಕೆ ‘ಓದಲು ಮಾತ್ರ’ ಗುರುತು ಹಾಕಿ, ಕೆಲಸಕ್ಕೆ ಬೇರೆ ಪ್ರತಿ ಇಟ್ಟುಕೊಳ್ಳಿ.

ಸ್ಕ್ಯಾನ್ 300 ಡಿಪಿಐ, ಗ್ರೇಸ್ಕೇಲ್. ಛಾಪಾ ಕಾಗದ, ಮುದ್ರೆ ಇದ್ದರೆ ಬಣ್ಣದಲ್ಲಿ. ಹಳೇ ಕ್ರಯಪತ್ರಗಳ ಹಾಳೆ ಸಾಮಾನ್ಯವಾಗಿ ಎ4ಗಿಂತ ಉದ್ದ. ಎ4 ಸ್ಕ್ಯಾನರ್‌ನಲ್ಲಿ ಇಟ್ಟರೆ ಕೆಳಗಿನ ಸಹಿ, ಹೆಬ್ಬೆಟ್ಟಿನ ಗುರುತೇ ಕತ್ತರಿಸಿಹೋಗುತ್ತದೆ. ಎರಡು ಸಲ ಸ್ಕ್ಯಾನ್ ಮಾಡಿ, ಇಲ್ಲವೇ ಲೀಗಲ್ ಅಳತೆಯ ಸ್ಕ್ಯಾನರ್ ಇರುವ ಜೆರಾಕ್ಸ್ ಅಂಗಡಿಗೆ ಹೋಗಿ.

ಕಡತಕೋಣ

ಸ್ಕ್ಯಾನ್ ಆದ ಮೇಲೆ ಓಸಿಆರ್ (ಚಿತ್ರದಲ್ಲಿನ ಅಕ್ಷರ ಗುರುತಿಸುವುದು) ಮಾಡಿದರೆ ಒಳಗಿನ ಪದದಿಂದಲೂ ಹುಡುಕಬಹುದು. ಅದಕ್ಕೆ ಓಸಿಆರ್‌ಮೈಪಿಡಿಎಫ್, ಅದರೊಳಗೆ ಓದುವ ಕೆಲಸ ಟೆಸರಾಕ್ಟ್‌ನದು. ವಿಂಡೋಸ್‌ನಲ್ಲಿ ಡಬ್ಲ್ಯುಎಸ್‌ಎಲ್ (ಒಳಗೇ ಲಿನಕ್ಸ್ ಓಡಿಸುವ ವ್ಯವಸ್ಥೆ) ಹಾಕಿ ಉಬುಂಟು ಒಳಗೆ ಓಡಿಸೋದು ಸಲೀಸು. ಕನ್ನಡದ ಭಾಷಾ ಪ್ಯಾಕೇಜ್ ಬೇರೆಯಾಗಿ ಹಾಕಬೇಕು, ಭಾಷೆಯ ಜಾಗದಲ್ಲಿ ‘ಕೆಎಎನ್+ಇಎನ್‌ಜಿ’ ಕೊಡಬೇಕು. ಡೆಸ್ಕ್ಯೂ ಆಯ್ಕೆ ಓರೆ ಪುಟ ನೆಟ್ಟಗೆ ಮಾಡುತ್ತೆ, ಸ್ಕಿಪ್-ಟೆಕ್ಸ್ಟ್ ಕೊಟ್ಟರೆ ಈಗಾಗಲೇ ಪಠ್ಯ ಇರುವ ಪುಟ ಮುಟ್ಟಲ್ಲ. ಡಿಜಿಟಲ್ ಸಹಿ ಇದ್ದರೆ ಅದೇ ‘ಆಗಲ್ಲ’ ಅಂತ ನಿಂತುಬಿಡುತ್ತೆ, ಒತ್ತಾಯ ಮಾಡಬೇಡಿ. ಇ-ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇರುವುದರಿಂದ ಅದೂ ಆಗಲ್ಲ.

ಅಚ್ಚಿನ ಕನ್ನಡ ಪರವಾಗಿಲ್ಲ ಅನ್ನುವಷ್ಟು ಬರುತ್ತೆ. ಒತ್ತಕ್ಷರ, ಅರ್ಕಾವತ್ತು, ಮಾಸಿದ ಟೈಪ್‌ರೈಟರ್ ಪ್ರತಿಗಳಲ್ಲಿ ಎಡವುತ್ತೆ. ಕೈಬರಹಕ್ಕೆ ಆಸೆ ಇಟ್ಟುಕೊಳ್ಳಬೇಡಿ. ಅದಕ್ಕೇ ಫೈಲ್ ಹೆಸರು ಚೆನ್ನಾಗಿರಬೇಕು.

ಇದನ್ನೆಲ್ಲ ಒಂದೇ ಕಡೆ ಮಾಡುವುದು ಪೇಪರ್‌ಲೆಸ್-ಎನ್‌ಜಿಎಕ್ಸ್. ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ವ್ಯವಸ್ಥೆ) ಓಡುತ್ತೆ, ನಿಮ್ಮ 16 ಜಿಬಿ ಧಾರಾಳ ಸಾಕು. ಮೂಲ ಫೈಲ್ ಹಾಗೇ ಇಟ್ಟು ಓಸಿಆರ್ ಆದ ಪ್ರತಿಯನ್ನು ಬೇರೆ ಮಾಡಿಕೊಳ್ಳುತ್ತೆ. ಎಡವುವ ಜಾಗ ಒಂದೇ ಒಂದು: ‘ಕನ್‌ಸ್ಯೂಮ್’ ಫೋಲ್ಡರ್‌ಗೆ ಬಿದ್ದ ಫೈಲನ್ನು ತನ್ನ ಭಂಡಾರಕ್ಕೆ ಒಯ್ದು ಅಲ್ಲಿಂದ ಅಳಿಸಿಬಿಡುತ್ತೆ. ನಿಮ್ಮ ಮೂಲ ಕಾಗದಪತ್ರದ ಫೋಲ್ಡರನ್ನೇ ಅದಕ್ಕೆ ತೋರಿಸಬೇಡಿ, ನಕಲು ಹಾಕಿ.

ರಾಜಾಜಿನಗರ_ರೈಟ್‌ಕ್ಲಿಕ್

ನುಡಿ ಫೈಲ್‌ಗಳು?

ಒತ್ತಕ್ಷರ

ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಆದದ್ದು ಕಂಪ್ಯೂಟರ್ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಲ್ಯಾಟಿನ್ ಅಕ್ಷರಗಳಿಗೆ ಕನ್ನಡದ ಆಕಾರ ತೊಡಿಸಿದ್ದು. ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ಬೇರೆ ಪ್ರತಿ ಮಾಡಿಕೊಳ್ಳಿ, ಮೂಲ ಅಳಿಸಬೇಡಿ. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡ ಎಂದುಕೊಂಡು ಕಲಸಿಹಾಕುತ್ತದೆ. ಸರ್ವೆ ನಂಬರ್, ಹಣದ ಮೊತ್ತ ಇರುವ ಕಡೆ ಕಣ್ಣಾರೆ ತಾಳೆ ನೋಡಿ. ಮೂಲ ತೆರೆಯಲು ಆ ಫಾಂಟ್ ಬೇಕಾದ್ದರಿಂದ ಫಾಂಟ್ ಫೈಲನ್ನೂ ಅದೇ ಫೋಲ್ಡರ್‌ನಲ್ಲಿ ಇಡಿ.

ಟರ್ಮಿನಲ್_ತಿಂಡಿ

ಫೋಟೊ, ವಿಡಿಯೊಗೆ ಎಕ್ಸಿಫ್‌ಟೂಲ್. ಎಕ್ಸಿಫ್ ಅಂದರೆ ಫೋಟೊ ಒಳಗೇ ಇರುವ ದಿನಾಂಕ, ಕ್ಯಾಮೆರಾ ಮಾಹಿತಿ. ಫೈಲ್‌ನೇಮ್ ಅನ್ನೋ ಜಾಗಕ್ಕೆ ಡೇಟ್‌ಟೈಮ್‌ಒರಿಜಿನಲ್ ಟ್ಯಾಗ್‌ನ ಬೆಲೆ ಕೊಟ್ಟರೆ ‘2023-10-24_071530’ ಥರ ಹೆಸರು ಬರುತ್ತೆ. ಮೊದಲು ಫೈಲ್‌ನೇಮ್ ಬದಲು ಟೆಸ್ಟ್‌ನೇಮ್ ಅಂತ ಬರೆದು ಓಡಿಸಿ, ಏನಾಗುತ್ತೆ ಅಂತ ತೋರಿಸುತ್ತೆ ಅಷ್ಟೆ. ಒಂದೇ ಸೆಕೆಂಡ್‌ನಲ್ಲಿ ಎರಡು ಫೋಟೊ ತೆಗೆದಿದ್ದರೆ ಹೆಸರು ಡಿಕ್ಕಿ ಹೊಡೆಯದ ಹಾಗೆ ಕ್ರಮಸಂಖ್ಯೆಯ ಸಂಕೇತವನ್ನೂ ಸೇರಿಸಿ. ವಿಂಡೋಸ್‌ನಲ್ಲಿ ಕನ್ನಡ ಹೆಸರಿನ ಫೋಲ್ಡರ್ ಇದ್ದರೆ ‘ಕ್ಯಾರೆಕ್ಟರ್‌ಸೆಟ್ ಫೈಲ್‌ನೇಮ್ ಯುಟಿಎಫ್8’ ಆಯ್ಕೆ ಕೊಡಬೇಕು, ಇಲ್ಲದಿದ್ದರೆ ‘ಫೈಲ್ ಇಲ್ಲ’ ಅನ್ನುತ್ತೆ.

ವಿಡಿಯೊದಲ್ಲಿ ಒಂದು ಮೋಸ. ಫೋಟೊದಲ್ಲಿ ಸ್ಥಳೀಯ ಸಮಯ ಇದ್ದರೆ ಎಂಪಿ4, ಎಂಒವಿ ಒಳಗಿನ ಸಮಯ ನಿಯಮದ ಪ್ರಕಾರ ಯುಟಿಸಿ (ಜಾಗತಿಕ ಪ್ರಮಾಣ ಸಮಯ). ನಮ್ಮ ಗಡಿಯಾರ ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಬೆಳಗಿನ ಜಾವ 4:45ರ ಮುಹೂರ್ತದ ವಿಡಿಯೊ ಹಿಂದಿನ ದಿನ ರಾತ್ರಿ 11:15 ಅಂತ ದಾಖಲಾಗಿ, ಧಾರೆ ವಿಡಿಯೊ ವರಪೂಜೆ ಫೋಲ್ಡರ್‌ಗೆ ಹೋಗಿ ಕೂತಿರುತ್ತೆ. ‘ಕ್ವಿಕ್‌ಟೈಮ್‌ಯುಟಿಸಿ’ ಅನ್ನೋ ಎಪಿಐ ಆಯ್ಕೆ ಕೊಟ್ಟರೆ ಎಕ್ಸಿಫ್‌ಟೂಲ್ ನಮ್ಮ ಸಮಯಕ್ಕೆ ತಿರುಗಿಸುತ್ತೆ. ಆದರೆ ಕೆಲವು ಕ್ಯಾಮೆರಾಗಳು ನಿಯಮ ಮುರಿದು ಸ್ಥಳೀಯ ಸಮಯವನ್ನೇ ಬರೀತವೆ. ಪ್ರತಿ ಫೋನ್, ಕ್ಯಾಮೆರಾದ ಒಂದು ವಿಡಿಯೊ ತೆಗೆದುಕೊಂಡು, ಗೊತ್ತಿರುವ ಸಮಯಕ್ಕೆ ತಾಳೆ ನೋಡಿ ಆಮೇಲೆ ಮುಂದುವರಿಸಿ.

ವಾಟ್ಸಾಪ್ ಫೋಟೊದಲ್ಲಿ ಎಕ್ಸಿಫ್ ಇರಲ್ಲ, ಹೆಸರಿನಲ್ಲಿರೋ ತಾರೀಖೇ ಗತಿ. ಅದೂ ಫೋಟೊ ತೆಗೆದ ದಿನ ಅಲ್ಲ. ಅವನ್ನು ಬೇರೆ ಫೋಲ್ಡರ್‌ನಲ್ಲೇ ಇಡಿ.

ಮುಖ, ಜಾಗದ ಟ್ಯಾಗ್ ಬೇಕಾದರೆ ಡಿಜಿಕ್ಯಾಮ್. ಸೆಟ್ಟಿಂಗ್ಸ್‌ನಲ್ಲಿ ಮೆಟಾಡೇಟಾವನ್ನು ಫೈಲ್‌ಗೆ ಅಥವಾ ಪಕ್ಕದ ಎಕ್ಸ್‌ಎಂಪಿ ಫೈಲ್‌ಗೆ ಬರೆಯುವ ಆಯ್ಕೆ ಆನ್ ಮಾಡಿ. ಇಲ್ಲದಿದ್ದರೆ ಕಷ್ಟಪಟ್ಟು ಹಾಕಿದ ಟ್ಯಾಗ್‌ಗಳು ಅದರ ಡೇಟಾಬೇಸ್‌ನಲ್ಲೇ ಉಳಿದು, ಬೇರೆ ಸಾಫ್ಟ್‌ವೇರ್‌ಗೆ ಹೋದ ದಿನ ಮಾಯ.

ಎಸ್‌ಪಿರೋಡ್_ಸುತ್ತಾಟ

ಈಗ ಲೋಕಲ್ ಎಐ ಮಾಡೆಲ್ ಹಾಕಿಕೊಂಡು ಫೈಲ್ ಓದಿಸಿ ಅದೇ ಹೆಸರಿಟ್ಟು ಜೋಡಿಸೋ ಟೂಲ್‌ಗಳೂ ಬಂದಿವೆಯಲ್ಲ?

ಕಡತಕೋಣ

ಹೆಸರು ಸೂಚಿಸೋಕೆ ಬಳಸಿ, ಫೈಲ್ ಸರಿಸೋಕೆ ಬಿಡಬೇಡಿ. ‘ಹಳೇ ದಾರಿ, ಹೊಸ ದಾರಿ’ ಅಂತ ಎರಡು ಕಾಲಂ ಸಿಎಸ್‌ವಿ ಬರೆಸಿ, ನೀವು ನೋಡಿ, ಆಮೇಲೆ ಸ್ಕ್ರಿಪ್ಟ್‌ನಿಂದ ಸರಿಸಿ. ಅದೇ ಸಿಎಸ್‌ವಿ ತಿರುಗಿಸಿದರೆ ಅನ್‌ಡೂ. ಕನ್ನಡ ಸ್ಕ್ಯಾನ್‌ನಲ್ಲಿ ಸಣ್ಣ ಮಾಡೆಲ್‌ಗಳು ತೋಚಿದ್ದನ್ನು ಗಟ್ಟಿಯಾಗಿ ಹೇಳ್ತವೆ. ಕ್ರಯಪತ್ರವನ್ನು ಬಾಡಿಗೆ ಕರಾರು ಅಂದರೂ ಅಂದಾವು.

ದಿನಾ ಬೀಳುವ ಡೌನ್‌ಲೋಡ್‌ಗಳಿಗೆ ನಿಯಮ ಬರೆದಿಟ್ಟರೆ ಸಾಕು. ಪೈಥಾನ್‌ನ ‘ಆರ್ಗನೈಸ್’ ಚೆನ್ನಾಗಿದೆ: ವೈಎಎಂಎಲ್ (ಸಾದಾ ಪಠ್ಯದ ಸೆಟ್ಟಿಂಗ್) ಫೈಲ್‌ನಲ್ಲಿ ‘ಹೆಸರಿನಲ್ಲಿ ಇಂಥ ಪದ ಇದ್ದರೆ ಇಲ್ಲಿಗೆ’ ಅಂತ ಬರೆದು, ಮೊದಲು ‘ಸಿಮ್’ ಕೊಟ್ಟು ನೋಡಿ, ಆಮೇಲೆ ‘ರನ್’.

ಗಿರಿನಗರ_ಜಿ

ನಕಲು, ಡೂಪ್ಲಿಕೇಟ್ ಮುಗಿದವು. 1.3 ಟಿಬಿ ಇದ್ದದ್ದು 870 ಜಿಬಿಗೆ ಇಳಿದಿದೆ. ಒಂದೇ ಒಂದು ತಲೆನೋವು: ‘ಕೆ.ಆರ್.’ ಅಂತ ಒಂದು ಫೋಲ್ಡರ್ ಇದೆ. ತೆರೆಯಲ್ಲ, ಅಳಿಸೋಕೂ ಆಗಲ್ಲ, ಹೆಸರೂ ಬದಲಾಗಲ್ಲ. ‘ಈ ಐಟಂ ಸಿಗಲಿಲ್ಲ’ ಅನ್ನುತ್ತೆ.

ಒತ್ತಕ್ಷರ

ಕೊನೆಯ ಚುಕ್ಕಿಯ ಕೆಲಸ. ಹೆಸರಿನ ಕೊನೆಯಲ್ಲಿ ಬರುವ ಚುಕ್ಕಿ ಮತ್ತು ಖಾಲಿ ಜಾಗವನ್ನು ವಿಂಡೋಸ್ ತಾನಾಗಿ ಕತ್ತರಿಸಿ ‘ಕೆ.ಆರ್’ ಎಂದು ಹುಡುಕುತ್ತದೆ, ಆ ಹೆಸರಿನದು ಇಲ್ಲವಲ್ಲ. ಈ ಡಿಸ್ಕನ್ನು ಯಾವಾಗಲೋ ಲಿನಕ್ಸ್‌ಗೆ ಹಾಕಿದಾಗ ಆ ಫೋಲ್ಡರ್ ಹುಟ್ಟಿರಬೇಕು, ಅಲ್ಲಿ ಅದಕ್ಕೆ ಅಡ್ಡಿಯಿಲ್ಲ. ಇನಿಷಿಯಲ್ ಬರೆಯುವ ನಮ್ಮ ಅಭ್ಯಾಸಕ್ಕೆ ಇದು ಪದೇ ಪದೇ ಬರುವ ತೊಂದರೆ.

ಒಳಗಿನದು ಬೇಕಾದರೆ ಉಬುಂಟು ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಹೆಸರು ಬದಲಿಸಿ. ಅದಕ್ಕೆ ಮುಂಚೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ. ಇಲ್ಲದಿದ್ದರೆ ಎನ್‌ಟಿಎಫ್‌ಎಸ್ ಡಿಸ್ಕ್ ಓದಲು ಮಾತ್ರ ಎಂದು ತೆರೆದುಕೊಳ್ಳಬಹುದು. ಒಳಗೆ ಏನೂ ಬೇಡ ಎಂದು ಖಾತ್ರಿಯಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಆರ್‌ಡಿ /ಎಸ್ ಕೊಟ್ಟು, ದಾರಿಯ ಮೊದಲಿಗೆ ಎರಡು ಬ್ಯಾಕ್‌ಸ್ಲ್ಯಾಶ್, ಪ್ರಶ್ನಾರ್ಥಕ, ಒಂದು ಬ್ಯಾಕ್‌ಸ್ಲ್ಯಾಶ್ ಸೇರಿಸಿ. ಹೀಗೆ ಬರೆದಾಗ ವಿಂಡೋಸ್ ಹೆಸರನ್ನು ತಿದ್ದದೆ ಇದ್ದ ಹಾಗೇ ತೆಗೆದುಕೊಳ್ಳುತ್ತದೆ. ಆರ್‌ಡಿಯಿಂದ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ.

ಗಿರಿನಗರ_ಜಿ

ಲಿನಕ್ಸ್‌ನಿಂದ ತೆರೆದೆ. ಒಳಗೆ 41 ಫೈಲ್, ಎಲ್ಲ ಕೆ.ಆರ್. ಪೇಟೆ ಜಮೀನಿನ ಪಹಣಿ ಸ್ಕ್ಯಾನ್. ‘ಕೆಆರ್‌ಪೇಟೆ_ಪಹಣಿ’ ಅಂತ ಬದಲಿಸಿದೆ, ಈಗ ವಿಂಡೋಸ್‌ನಲ್ಲೂ ತೆರೀತಿದೆ.